ತುಪ್ಪಟ ಅನ್ನೋ ನಮ್ಮ ಕುರಿನಾಯಿ

ಕುರಿ ಕಾಯೋಕೆ ಅಂತ ನಾಯಿ ಸಾಕಿದ ಮನೆಯಲ್ಲಿ ಎದೆ ಧಸಕ್ ಅನ್ನೋದೂ ಹೊಟ್ಟೆ ಹಿಡ್ಕೊಂಡು ನಗೋದೂ ಒಂದರ ಬೆನ್ನಿಗೊಂದು ನಡೀತಾನೇ ಇರುತ್ತೆ. ಮೊದಲು ಹೆದರಿಕೆ ಬಂದುಬಿಡುತ್ತೆ, ನಗು ಬರೋಕೆ ಸ್ವಲ್ಪ ತಡವಾಗುತ್ತೆ, ಅಷ್ಟೇ.

ನಾನು ಮದುವೆಯಾಗಿ ಬಂದಿದ್ದು ಕ್ಯಾಸಂಬಳ್ಳಿ ಕಡೆಯ ಒಂದು ಒಂಟಿಮನೆಗೆ. ಐವತ್ತರ ದಶಕ ಮುಗೀತಾ ಬಂದಿದ್ದ ಕಾಲ. ಊರು ಕಣ್ಣಳತೆಯಲ್ಲೇ ಇದ್ದರೂ ನಡುವೆ ರಾಗಿ ಹೊಲ, ಬಂಡೆ, ಪಾಪಾಸುಕಳ್ಳಿ. ಮನೆಗೆ ಅಂಟಿಕೊಂಡಂತೆ ಕುರಿದೊಡ್ಡಿ. ದೂರದಲ್ಲಿ ಕೆಜಿಎಫ್ ಚಿನ್ನದ ಗಣಿಯ ದೊಡ್ಡ ಗಾಲಿಗಳು, ಅದರಾಚೆ ಅದಿರು ಅರೆದು ಉಳಿದ ಪುಡಿಯನ್ನ ಸುರಿದೂ ಸುರಿದೂ ಬೆಳೆದ ಬೆಳ್ಳನೆಯ ಗುಡ್ಡ. ಅದಕ್ಕೆ ಎಲ್ಲರೂ ಸೈನೈಡ್ ದಿಬ್ಬ ಅನ್ನೋರು. ಗಾಳಿ ಎದ್ದರೆ ಆ ಗುಡ್ಡ ಹೊಗೆಯಾಡೋದು, ಹುಲ್ಲು ಮಾತ್ರ ಒಂದು ಎಸಳೂ ಇಲ್ಲ.

ನಮ್ಮ ಯಜಮಾನರಿಗೆ ಗಣಿಯಲ್ಲಿ ಕೆಲಸ. ಬೆಳಕು ಹರಿಯೋಕೆ ಮುಂಚೆ ಹೋಗಿ ಭೂಮಿ ಒಳಗೆ ಇಳಿದರೆ ಸಂಜೆಗೇ ಬರೋದು. ಮಾವನವರು ನಾನು ಬರೋಕೆ ಮುಂಚೆನೇ ತೀರಿಕೊಂಡಿದ್ದರು. ಹಗಲೆಲ್ಲ ಮನೆಯಲ್ಲಿ ಅತ್ತೆ, ನಾನು, ಒಂದು ಮಂದೆ ಕುರಿ. ಅತ್ತೆಗೆ ಕುರಿ ಅಂದರೆ ಪ್ರಾಣ. ಮಾತುಕತೆಗೆ ಅಂತ ಬರೋರು ಪಕ್ಕದ ಹೊಲದ ಗೌಡರೊಬ್ಬರೇ. ಬೇಸಾಯ ಅವರಿಗೆ ಅಷ್ಟಕ್ಕಷ್ಟೇ, ದೆವ್ವದ ವಿಷಯದಲ್ಲಿ ಮಾತ್ರ ಸುತ್ತ ಏಳು ಹಳ್ಳಿಗೆ ಅವರೇ ದೊಡ್ಡವರು. ಬಂದಾಗಲೆಲ್ಲ ಒಂದು ಹೊಸ ದೆವ್ವದ ಕಥೆ ಹೇಳಿ, ಮಜ್ಜಿಗೆ ಕುಡಿದು, ಕತ್ತಲಾಗೋಕೆ ಮುಂಚೆ ಓಡಿಹೋಗೋರು.

ಉಗುರಿನ ಮರಿ

ಅವತ್ತು ತವರಿಂದ ವಾಪಸ್ಸು ಬಂದಿದ್ದೆ. ಬಂಗಾರಪೇಟೆ ತನಕ ರೈಲು, ಅಲ್ಲಿಂದ ಬಸ್ಸು, ಆಮೇಲೆ ನಡಿಗೆ. ಮನೆ ಮುಟ್ಟೋ ಹೊತ್ತಿಗೆ ಮುಚ್ಚಂಜೆ. ಅತ್ತೆ ದೀಪಕ್ಕೆ ಎಣ್ಣೆ ಹಾಕ್ತಾ, "ಬಂದ್ಯಾ? ಕೈಕಾಲು ತೊಳ್ಕೊಂಡು ಮರಿಗಳ್ನ ತಾಯಿ ತಾವ ಬಿಡು ಓಗು" ಅಂದರು.

ತಾಯಿಕುರಿಗಳು ಮೇಯೋಕೆ ಹೋದಾಗ ಎಳೇ ಮರಿಗಳನ್ನ ದೊಡ್ಡ ಬಿದಿರು ಬುಟ್ಟಿ ಕೆಳಗೆ ಕವುಚಿ ಇಡ್ತಿದ್ದೆವು. ದೊಡ್ಡಿಯ ಮೂಲೆಯಲ್ಲಿ ಆಗಲೇ ಕತ್ತಲು. ಬುಟ್ಟಿ ಅಂಚು ಎತ್ತಿ ಕೈ ಹಾಕಿದೆ. ಒಂದು ಮರಿ ತೆಗೆದು ಬಿಟ್ಟೆ, ಇನ್ನೊಂದು ಬಿಟ್ಟೆ. ಆಮೇಲೆ ಸಿಕ್ಕಿದ ಮರಿಯ ಕಾಲು ಹಿಡಿದೆ ನೋಡಿ, ಗೊರಸು ಇರಬೇಕಾದ ಕಡೆ ಮೆತ್ತಗಿತ್ತು. ಮೆತ್ತಗಿದ್ದುದರ ತುದಿಯಲ್ಲಿ ಉಗುರಿತ್ತು.

ತವರಿಗೆ ಹೋಗೋ ಹಿಂದಿನ ದಿನವಷ್ಟೇ ಗೌಡರು ಹೇಳಿದ್ದರು: ದೆವ್ವ ಕುರಿಮರಿ ವೇಷದಲ್ಲಿ ಬರುತ್ತಂತೆ, ಎತ್ಕೊಂಡರೆ ಹೆಜ್ಜೆ ಹೆಜ್ಜೆಗೂ ಭಾರ ಆಗ್ತಾ ಹೋಗುತ್ತಂತೆ, ಕಾಲು ನೆಲಕ್ಕೆ ಮುಟ್ಟೋ ಹಾಗೆ ಉದ್ದ ಆಗುತ್ತಂತೆ. ಬಿಡೋಣ ಅಂದರೆ ಕೈ ಮರಗಟ್ಟಿದೆ. ಅದು ಕೂಗಲಿಲ್ಲ, ಒದೆಯಲಿಲ್ಲ. ಸುಮ್ಮನೆ ನನ್ನ ಬೆರಳನ್ನ ಬಾಯಿಗೆ ತಗೊಂಡು ಚೀಪೋಕೆ ಶುರು ಮಾಡಿತು. ಬಾಯಿ ತುಂಬ ಸೂಜಿಯಂಥ ಹಲ್ಲು! ಅಷ್ಟರಲ್ಲಿ ಒಂದು ತಾಯಿಕುರಿ ಬಂದು ಅದರ ಹಿಂಭಾಗ ಮೂಸಿ, ಸ್ವಂತ ಮರಿಯನ್ನ ಕರೆಯೋ ಹಾಗೆ ಮೆಲ್ಲಗೆ "ಹ್ಞೂಂ" ಅಂತು.

"ಅತ್ತೇ!" ಅಂತ ಕಿರುಚಿದೆ. ದೀಪ ಹಿಡ್ಕೊಂಡು ಬಂದರು. ಬೆಳಕಲ್ಲಿ ನೋಡಿದರೆ ನನ್ನ ಕೈಯಲ್ಲಿ ಕೊಳೆ ಬಿಳಿ ಬಣ್ಣದ, ಮೈಯೆಲ್ಲ ಉಣ್ಣೆಯಂಥ ಕೂದಲಿನ ಒಂದು ನಾಯಿಮರಿ.

ನಾನಿಲ್ಲದ ದಿನಗಳಲ್ಲಿ ತೋಳ ಬಂದು ಒಂದು ಎಳೇ ಮರಿಯನ್ನ ಎತ್ಕೊಂಡು ಹೋಗಿತ್ತಂತೆ. ಬಂಗಾರಪೇಟೆ ಕಡೆ ಹೊಲದಲ್ಲಿ ಮಂದೆ ನಿಲ್ಲಿಸಿದ್ದ ಕುರುಬರ ಹತ್ತಿರ ಹೋಗಿ ಅತ್ತೆ ಈ ಮರಿಯನ್ನ ತಂದಿದ್ದರು. ಆ ಕುರುಬ ಹೇಳಿ ಕಳಿಸಿದ್ದನಂತೆ: "ಮುದ್ದು ಮಾಡಬ್ಯಾಡಿ, ಮನೆ ಒಳಿಕ್ಕೆ ಸೇರಿಸಬ್ಯಾಡಿ. ಕುರಿ ಆಲು ಕುಡೀಲಿ, ಕುರಿ ಮಗ್ಗುಲಾಗೆ ಮಲಗ್ಲಿ. ತಾನೂ ಕುರಿನೇ ಅಂದ್ಕಂಡು ಬೆಳೀಲಿ. ಆಮ್ಯಾಕೆ ಕುರಿ ಮೇಲೆ ಬಂದಿದ್ದು ತನ್ನ ಮೇಲೇ ಬಂದಂಗೆ ಕಾಯ್ತದೆ." ಮರಿ ಕಳಕೊಂಡ ತಾಯಿಕುರಿ ಎರಡು ದಿನ ಒದ್ದು, ಆಮೇಲೆ ಹಾಲು ಕೊಟ್ಟಿತ್ತು.

"ಒಂದು ಮಾತು ಹೇಳಬಾರದಾ ಅತ್ತೆ? ಮರಿಗೆ ಉಗುರಿದೆ ಅಂತ ನನ್ನ ಜೀವನೇ ಹೋಗಿತ್ತು" ಅಂದೆ.

ಅತ್ತೆ ದೀಪದ ಕುಡಿ ಸರಿಮಾಡ್ತಾ ಅಂದರು: "ಉಗುರಿರೋ ಸೊಸೇನೇ ತಂದ್ಕಂಡಿಲ್ವಾ ನಾನು? ಮರಿಗೆ ಉಗುರಿದ್ರೆ ಏನೀಗ?"

ಉಣ್ಣೆಯಂಥ ಮೈ ಇದ್ದುದಕ್ಕೆ ಅದಕ್ಕೆ ತುಪ್ಪಟ ಅಂತ ಹೆಸರಿಟ್ಟೆವು. ಇನ್ನು ಮುಂದೆ ಅದು ಅನ್ನೋಕೆ ನನಗೆ ಬಾಯಿ ಬರೋಲ್ಲ. ಅವನು ಅಂತಲೇ ಅಂತೀನಿ.

ಹಳೇ ಶಾಫ್ಟಿನವನು

ತುಪ್ಪಟ ಬೊಗಳ್ತಿರಲಿಲ್ಲ. ಕುರಿ ಹಾಲು ಕುಡಿದಿದ್ದಕ್ಕೋ ಏನೋ, ಆರು ತಿಂಗಳಾದರೂ ಬಾಯೇ ಬಿಡಲಿಲ್ಲ. ಸುಮ್ಮನೆ ನೋಡೋನು. ಏನೂ ಇಲ್ಲದ ಕಡೆ ನೋಡೋನು. ಮಟಮಟ ಮಧ್ಯಾಹ್ನ ಕುರಿಗಳೆಲ್ಲ ನೆರಳಿಗೆ ತಲೆ ಇಟ್ಟುಕೊಂಡು ನಿಂತಿದ್ದರೆ, ಇವನೊಬ್ಬ ಬಿಸಿಲಲ್ಲಿ ಕೂತು ಹೊಲದ ಆಚೆಯ ದಿಣ್ಣೆ ಕಡೆಗೆ ಕಿವಿ ನಿಮಿರಿಸಿ ದಿಟ್ಟಿಸೋನು. ಆ ದಿಣ್ಣೆ ಮೇಲೆ ಬಿಳಿಯರ ಕಾಲದಲ್ಲೇ ಕೈಬಿಟ್ಟ ಒಂದು ಹಳೇ ಶಾಫ್ಟು, ಅಂದರೆ ಭೂಮಿ ಒಳಗೆ ಇಳಿಯೋಕೆ ತೋಡಿದ ಆಳದ ಬಾವಿ, ಇತ್ತು. ಸುತ್ತ ಎದೆಮಟ್ಟ ಕಲ್ಲುಗೋಡೆ. ಕಲ್ಲು ಹಾಕಿದರೆ ಬಿದ್ದ ಸದ್ದು ನಾವು ಮರೆತ ಮೇಲೆ ಕೇಳಿಸೋದು.

ಒಂದು ಸಂಜೆ ತುಪ್ಪಟ ಮಂದೆ ಬಿಟ್ಟು ಆ ಗೋಡೆ ಮೇಲೆ ಮುಂಗಾಲಿಟ್ಟು ನಿಂತ. ನಿಂತು, ಹುಟ್ಟಿದ ಮೇಲೆ ಮೊದಲ ಸಲ ಬೊಗಳಿದ. ಒಂದೇ ಸಲ. ಸ್ವಲ್ಪ ಹೊತ್ತು ಏನಿಲ್ಲ. ಆಮೇಲೆ ಭೂಮಿ ಒಳಗಿಂದ ಒಂದು ನಾಯಿ ಬೊಗಳಿತು, ಇವನಿಗಿಂತ ದಪ್ಪ ಗಂಟಲಲ್ಲಿ. ನನ್ನ ತಲೆಮೇಲಿದ್ದ ಹುಲ್ಲುಹೊರೆ ತಾನಾಗೇ ಕೆಳಗೆ ಬಿತ್ತು.

ಅವತ್ತಿಂದ ದಿನಾ ಸಂಜೆ ಅವನದು ಅದೇ ಕೆಲಸ. ಒಂದು ಸಲ ಬೊಗಳೋದು, ಉತ್ತರ ಕೇಳಿಸಿಕೊಳ್ಳೋದು, ಬಾಲ ಆಡಿಸ್ತಾ ಮಂದೆಗೆ ಬರೋದು. ಕುರಿಗಳೂ ಅವನ ಹಿಂದೆ ಹೋಗಿ ಸಾಲಾಗಿ ನಿಂತು ಕೇಳಿಸಿಕೊಳ್ತಿದ್ದವು. ಕೆಂಪು ಆಕಾಶ, ಕಲ್ಲುಗೋಡೆ, ಅದರ ಸುತ್ತ ಅಲ್ಲಾಡದೆ ನಿಂತ ಕುರಿಗಳು. ಅದನ್ನ ನೋಡಿದರೆ ಬೆನ್ನ ಮೇಲೆ ಇರುವೆ ಹರಿದ ಹಾಗಾಗೋದು.

"ಪ್ರತಿಧ್ವನಿ ಅಮ್ಮಾ ಅದು" ಅಂತ ನಮ್ಮ ಯಜಮಾನರು ಹೇಳಿದರು. ಗೌಡರು ಒಪ್ಪಲಿಲ್ಲ. "ಯಕ್ಕೋ, ಒಳಗೆ ಯಾವನೋ ಅವ್ನೆ. ನಾನು ಮಾತಾಡಿಸ್ತೀನಿ, ದೂರ ನಿಂತ್ಕಂಡು ನೋಡ್ತಿರಿ" ಅಂತ ತಾಯತ ಮುಟ್ಕೊಂಡು ಹೊರಟರು. ನಾನೂ ಅತ್ತೆನೂ ಹೊಲದ ಬದುವಿನ ಮೇಲೆ ನಿಂತೆವು.

ಗೌಡರು ಗೋಡೆಗೆ ಬಗ್ಗಿ ಕೂಗಿದರು, "ಯಾರ್ಲಾ ನೀನು?"

ಒಳಗಿಂದ ಬಂತು: "ಯಾರ್ಲಾ ನೀನು?"

ಗೌಡರು ಒಂದು ಹೆಜ್ಜೆ ಹಿಂದೆ ಬಂದರು. ಧೈರ್ಯ ತಂದ್ಕೊಂಡು ತೆಲುಗಲ್ಲಿ ಕೇಳಿದರು, "ಎವರ್ರಾ ನುವ್ವು?" ಒಳಗಿನವನೂ ತೆಲುಗಲ್ಲಿ ಕೇಳಿದ. ಕೊನೆಗೆ ತಮಿಳಲ್ಲಿ, "ಯಾರ್ಡಾ ನೀ?" ಅವನೂ ತಮಿಳಲ್ಲೇ.

ಗೌಡರು ಒಂದೇ ಉಸಿರಿಗೆ ಓಡಿಬಂದು, ಬದುವಿನ ಮೇಲೆ ಕೂತು, ಬೆವರು ಒರೆಸಿಕೊಂಡು ಹೇಳಿದರು: "ಯಕ್ಕೋ, ಅನುಮಾನನೇ ಇಲ್ಲ. ಮೂರು ಭಾಷೆನೂ ಸಲೀಸಾಗಿ ಬತ್ತದೆ. ಕೆಜಿಎಫ್‌ನೋನೇ!"

ನಾಡಿ ನೋಡಿದ ಕುರಿ

ಇದು ಸಣ್ಣ ಪ್ರಸಂಗ. ಆ ಚಳಿಗಾಲದಲ್ಲಿ ಕುರಿಗಳಿಗೆ ಲಸಿಕೆ ಹಾಕೋಕೆ ದನದ ಡಾಕ್ಟರು ಬಂದರು. ಹೊಸಬರು, ನಮ್ಮೂರ ಕಡೆ ಮೊದಲ ಸಲ. ಬೆಳಗಿನ ಹೊತ್ತು ಮಂಜು ಹೇಗಿತ್ತು ಅಂದರೆ ದೊಡ್ಡಿ ಒಳಗೆ ನಿಂತ ಅತ್ತೆಗೆ ತಲೆ ಮಾತ್ರ ಇತ್ತು, ಮೈ ಇರಲಿಲ್ಲ. ಕುರಿಗಳ ಕೆಮ್ಮು ಕೇಳಿಸ್ತಿತ್ತು, ಕುರಿ ಕಾಣಿಸ್ತಿರಲಿಲ್ಲ. ಡಾಕ್ಟರು ಬಗ್ಗಿ ಕೈಗೆ ಸಿಕ್ಕಿದ್ದನ್ನ ಕಂಕುಳಲ್ಲಿ ಅಮುಕಿಕೊಂಡು ಚುಚ್ತಾ, "ಮುಂದಿಂದು" ಅನ್ನೋರು. ನಾವು ನೂಕ್ತಿದ್ದೆವು.

ಹೀಗೆ ನಡೀತಿರುವಾಗ ಡಾಕ್ಟರ ಮಾತು ನಿಂತಿತು. "ಸರ್?" ಅಂದೆ. ಮಂಜಿನೊಳಗೆ ಎರಡು ಕಣ್ಣು ಮಾತ್ರ ಹೊಳೀತಿದ್ದವು, ಅಲುಗಾಡದೆ.

ಆಮೇಲೆ ಡಾಕ್ಟರು ಬಹಳ ನಿಧಾನವಾಗಿ, ದೇವರ ಮುಂದೆ ಹರಕೆ ಹೇಳಿಕೊಳ್ಳೋರ ದನಿಯಲ್ಲಿ ಅಂದರು: "ಅಮ್ಮಾ, ನಿಮ್ಮ ಒಂದು ಕುರಿ ನನ್ನ ಮಣಿಕಟ್ಟನ್ನ ಬಾಯಲ್ಲಿ ಹಿಡ್ಕೊಂಡು ನಾಡಿ ನೋಡ್ತಾ ಇದೆ. ಅದಕ್ಕೆ ಸಮಾಧಾನ ಆದ ಮೇಲೆ ಬಿಡೋಕೆ ಹೇಳಿ."

ಮನೆಗೆ ಬಂದವರು

ಗಣಿ ಪಕ್ಕ ಇದ್ದವರಿಗೆ ಈ ಸದ್ದು ಗೊತ್ತು. ಆಳದಲ್ಲಿ ಬಂಡೆ ತಾನೇ ತಾನಾಗಿ ಸಿಡಿಯುತ್ತೆ. ಮೇಲೆ ನೆಲ ನಡುಗುತ್ತೆ. ಏರ್ ಬ್ಲಾಸ್ಟು ಅಂತಿದ್ದರು ಅದಕ್ಕೆ.

ಅವತ್ತು ಜಿನುಗು ಮಳೆ, ಕುರಿಗಳನ್ನ ಹೊರಗೆ ಬಿಟ್ಟಿರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಪಾತ್ರೆ ತೊಳೀತಿದ್ದೆ. ಮಲಗಿದ್ದ ತುಪ್ಪಟ ಎದ್ದ. ಕುತ್ತಿಗೆ ಕೂದಲೆಲ್ಲ ನಿಂತಿತ್ತು. ದೊಡ್ಡಿ ಬಾಯಿಗೆ ಅಡ್ಡ ಇಟ್ಟಿದ್ದ ಮುಳ್ಳಿನ ಪಡಿಯನ್ನ ಎದೆಯಲ್ಲೇ ನೂಕಿ ಬಯಲಿಗೆ ಹೋಗಿ ನಿಂತ. ಕುರಿಗಳು, ಮರಿಗಳು ಎಲ್ಲ ಒಂದು ಸದ್ದೂ ಇಲ್ಲದೆ ಅವನ ಹಿಂದೆ ಹೋದವು. ಮಳೆಯಲ್ಲಿ ನೆನೀತಾ ಎಲ್ಲವೂ ಗಣಿ ಕಡೆಗೇ ಮುಖ ಮಾಡಿ ನಿಂತವು. ಕಾಗೆ ಕೂಗಿಲ್ಲ, ಜೀರುಂಡೆ ಸದ್ದಿಲ್ಲ. ಅತ್ತೆ ಕೋಲು ಎತ್ಕೊಂಡು, "ಥೂ ಇವನ, ಮರಿಗಳ್ಗೆ ಶೀತ ಆಗ್ತದೆ" ಅಂತ ಹೊರಟಿದ್ದರಷ್ಟೇ.

ಕಾಲ ಕೆಳಗೆ ಏನೋ ಹೊರಳಿತು. ತೊಳೆದಿಟ್ಟ ಪಾತ್ರೆಗಳು ಒಂದಕ್ಕೊಂದು ಗುಸುಗುಸು ಮಾತಾಡಿಕೊಂಡವು. ದೊಡ್ಡಿಯ ಹಿಂದಿನ ಕಲ್ಲುಗೋಡೆ ಕುಸಿದು, ಮರಿಗಳು ಮಲಗೋ ಮೂಲೆಯಲ್ಲೇ ರಾಶಿ ಬಿತ್ತು.

ಅತ್ತೆ ಆ ಕಲ್ಲುರಾಶಿ ನೋಡಿದರು. ಆಮೇಲೆ ಗಣಿ ಕಡೆ ನೋಡಿದರು. ಅವರ ಮಗ, ನನ್ನ ಗಂಡ, ಆ ಹೊತ್ತಿಗೆ ಅದರ ಒಳಗಿದ್ದರು.

ಅತ್ತೆ ಹೊಸಿಲ ಮೇಲೆ ಕೂತವರು ಮಾತೇ ಆಡಲಿಲ್ಲ. ನಾನು ರಸ್ತೆ ತನಕ ಹೋಗಿ ಹೋಗಿ ಬಂದೆ. ಸೈಕಲ್ ಮೇಲೆ ಬಂದವರು, "ಬ್ಲಾಸ್ಟಾದ ಕಡೆಯೋರು ಇನ್ನೂ ಮ್ಯಾಲಿಕ್ಕೆ ಬಂದಿಲ್ಲ ಕಣಮ್ಮ" ಅಂದು ನೆಲ ನೋಡಿದರು. ದೇವರಿಗೆ ಏನೇನು ಹೇಳಿಕೊಂಡೆನೋ ನನಗೇ ಗೊತ್ತಿಲ್ಲ. ಗೌಡರು ಯಾವಾಗಲೋ ಹೇಳಿದ್ದು ಬೇರೆ ತಲೆಯಲ್ಲಿ ಸುತ್ತುತ್ತಿತ್ತು. ಗಣಿಯೊಳಗೆ ಸತ್ತೋರು ಒಂದು ಸಲ ಮನೆಗೆ ಬರ್ತಾರಂತೆ, ಬಂದು ನೀರು ಕೇಳ್ತಾರಂತೆ.

ಬೆಳಕು ಮಸುಕಾಗ್ತಾ ಬಂತು. ಬದುವಿನ ಮೇಲೆ ಒಬ್ಬರು ಬರೋದು ಕಾಣಿಸಿತು. ತಲೆಯಿಂದ ಕಾಲ ತನಕ ಬೂದಿ ಬಣ್ಣ. ಮುಖ ಅನ್ನೋದು ಗೊತ್ತಾಗ್ತಿರಲಿಲ್ಲ. ಒಂದು ಕಾಲು ಎಳೆದುಕೊಂಡು ಬರ್ತಿದ್ದರು. ನಡಿಗೆ ಅವರದೇ, ಆದರೆ ಅವರು ಯಾವತ್ತೂ ಗಣಿಯಲ್ಲೇ ಸ್ನಾನ ಮಾಡಿ ತಲೆ ಬಾಚಿಕೊಂಡು ಬರೋ ಮನುಷ್ಯ. ಬಂದವರು ದೂರದಲ್ಲೇ ನಿಂತು, ಒಡಕು ದನಿಯಲ್ಲಿ, "ನೀರು ಕೊಡೇ" ಅಂದರು.

ನಾನು ಹೊಸಿಲ ಕಡೆಗೆ ಹಿಂದೆ ಹಿಂದೆ ಸರಿದೆ. ಅಷ್ಟರಲ್ಲಿ ತುಪ್ಪಟ ಬಂದು ನಮ್ಮ ನಡುವೆ ನಿಂತ. ಬೊಗಳಲಿಲ್ಲ. ತುಟಿ ಮಾತ್ರ ಎತ್ತಿದ. ಬೂದಿ ಬಣ್ಣದವರು ಬಲಕ್ಕೆ ಸರಿದರೆ ಬಲಕ್ಕೆ, ಎಡಕ್ಕೆ ಸರಿದರೆ ಎಡಕ್ಕೆ.

ಸ್ವಲ್ಪ ಹೊತ್ತು ಹಾಗೇ ಆಡಿದ ಮೇಲೆ ಅವರು ತಲೆ ಚಚ್ಚಿಕೊಂಡು ಕೂಗಿದರು: "ಅಮ್ಮಾ! ಗಣಿನೇ ನನ್ನ ಬಿಟ್ಟು ಕಳಿಸ್ತು, ನಿನ್ನ ನಾಯಿ ಬಿಡ್ತಿಲ್ವಲ್ಲಮ್ಮಾ!"

ಆ ಬೈಗುಳದ ದನಿ ಕೇಳಿದ್ದೇ ನನಗೆ ಅಳು ಕಿತ್ಕೊಂಡು ಬಂತು. ದೆವ್ವಕ್ಕೆ ಅಷ್ಟು ಸಿಟ್ಟು ಬರೋಲ್ಲ. ಮಧ್ಯಾಹ್ನದಿಂದ ಬಾಯಿ ಬಿಡದಿದ್ದ ಅತ್ತೆ ಹೊಸಿಲ ಮೇಲಿಂದ ಏಳದೇ ಅಂದರು: "ಇರ್ಲಾ. ಅವನು ಸರಿಯಾಗಿ ನೋಡ್ಲಿ. ನೀನೇ ಹೌದೋ ಅಲ್ವೋ ಅಂತ ನಾನೂ ನೋಡ್ತಾ ಅವ್ನಿ!"

ಬಿಳಿ ಆಕೃತಿ

ಇದಾದ ಮೇಲೆ ಊರಲ್ಲಿ ಗುಸುಗುಸು ಶುರುವಾಯಿತು. ಬಾಯಿ ಬಿಡದ ನಾಯಿ, ಶಾಫ್ಟಿನವನ ಹತ್ತಿರ ಮಾತಾಡೋ ನಾಯಿ, ಭೂಮಿ ನಡುಗೋದು ಮುಂಚೆನೇ ಗೊತ್ತಾಗೋ ನಾಯಿ. ಅದೇ ಸಮಯಕ್ಕೆ ಊರಿನ ಮಂದೆಗಳಲ್ಲಿ ಆಗೊಂದು ಈಗೊಂದು ಕುರಿ ಕಾಣೆಯಾಗೋಕೆ ಹತ್ತಿತು. ರಕ್ತ ಇಲ್ಲ, ಕೂದಲು ಇಲ್ಲ, ಮಂಜಲ್ಲಿ ಕರಗಿದ ಹಾಗೆ. ನಮ್ಮ ಮಂದೆಯಲ್ಲಿ ಮಾತ್ರ ಒಂದೂ ಹೋಗಲಿಲ್ಲ. ಅದೇ ನಮ್ಮ ತಪ್ಪಾಯಿತು. ಊರವರು ಅರಳಿಕಟ್ಟೆ ಮೇಲೆ ಸೇರಿ ಅತ್ತೆಯನ್ನ ಕರೆಸಿದರು. ಬೇತಮಂಗಲದ ಕಡೆಯಿಂದ ಮಂತ್ರವಾದಿ ಬರಲಿ, ನಾಯಿಗೆ ದೋಷ ಇದೆ ಅಂತ ಅವನು ಹೇಳಿದರೆ ನಾಯಿಯನ್ನ ದೂರ ಬಿಟ್ಟುಬರಬೇಕು ಅಂತ ತೀರ್ಮಾನವಾಯಿತು. ಅತ್ತೆ ಮನೆಗೆ ಬಂದು ದೊಡ್ಡಿಗೆ ಹೋಗಿ, ಕುರುಬ ಮಾಡಬೇಡ ಅಂದಿದ್ದ ಕೆಲಸ ಮಾಡಿದರು. ಅವನ ತಲೆ ಸವರಿದರು.

ಮಂತ್ರವಾದಿ ಬಂದ. ಗುಂಗುರು ಗಡ್ಡ, ಹಣೆ ತುಂಬ ಕುಂಕುಮ. ಸಂಜೆ ಹೊತ್ತಿಗೆ ನಮ್ಮ ಹೊಲದಲ್ಲೇ ನಿಂಬೆಹಣ್ಣು, ಸಾಂಬ್ರಾಣಿ ಹೊಗೆ, ಸುತ್ತ ಊರವರೆಲ್ಲ. ತುಪ್ಪಟ ಮಾತ್ರ ಇರಲಿಲ್ಲ. ಮಧ್ಯಾಹ್ನ ಒಂದು ನರಿಯನ್ನ ಅಟ್ಟಿಸಿಕೊಂಡು ಜಿನುಗು ಮಳೆಯಲ್ಲೇ ಗಣಿ ಕಡೆ ಹೋದವನು ಬಂದೇ ಇರಲಿಲ್ಲ.

"ನಾಯಿ ಬೇಕಾಗಿಲ್ಲ" ಅಂದ ಮಂತ್ರವಾದಿ. "ಆ ನಾಯಿ ಬೆನ್ನ ಹಿಂದೆ ಒಂದು ಬಿಳಿ ಆಕೃತಿ ಐತೆ. ನಾನು ಕರೆದ್ರೆ ಅದೇ ಬಂದು ನಿಂತ್ಕಂತದೆ. ಯಾರೂ ಎದ್ದು ಓಡಬಾರ್ದು. ಓಡಿದೋರು ಇಲ್ಲೇ ರಕ್ತ ಕಾರ್ತಾರೆ."

ಎಲ್ಲರೂ ನೆಲ ಹಿಡಿದು ಕೂತೆವು. ಅವನು ಕಣ್ಣು ಮುಚ್ಚಿ ಗಂಟಲೊಳಗಿಂದ ಕರೆದ. ಗಾಳಿ ಬೀಸಿ ಹೊಗೆ ಒಂದು ಕಡೆಗೆ ವಾಲಿತು. ಇನ್ನೊಂದು ಸಲ ಕರೆದ. ಮೂರನೇ ಸಲ ಕರೆದಾಗ ಹೊಗೆ ಹಿಂದೆ ಏನೋ ಬಂದು ನಿಂತಿತು. ಸುಣ್ಣದ ಹಾಗೆ ಬಿಳುಪು, ಮೈಯಲ್ಲಿ ಕೂದಲಿಲ್ಲ, ಕಿವಿಯಿಲ್ಲ. ಬಿಳಿ ಮುಖದಲ್ಲಿ ಎರಡು ಕಪ್ಪು ತೂತು. ಅದರ ಮೈಯಿಂದ ಬಿಳಿ ಹನಿ ತೊಟ್ಟಿಕ್ಕುತ್ತಿತ್ತು.

ಯಾರೂ ಅಲ್ಲಾಡಲಿಲ್ಲ. ಗೌಡರ ಹಲ್ಲು ಕಟಕಟ ಅನ್ನೋದು ಕೇಳಿಸ್ತಿತ್ತು. ಮಂತ್ರವಾದಿ ಒಂದು ಕಣ್ಣು ತೆರೆದ. ಆಮೇಲೆ ಇನ್ನೊಂದು. ತಾನು ಕರೆದಿದ್ದು ಬಂದಿದೆ ಅನ್ನೋದು ಅವನಿಗೆ ಅವನ ಜೀವನದಲ್ಲಿ ಮೊದಲ ಅನುಭವ ಇರಬೇಕು. ನಿಂಬೆಹಣ್ಣು, ಜೋಳಿಗೆ, ಮೇಲಿನ ಪಂಚೆ ಎಲ್ಲ ಬಿಟ್ಟು ಬಸ್ ರಸ್ತೆ ಕಡೆ ಹಾರಿದ.

ಬಿಳಿ ಆಕೃತಿ ಮೈ ಒದರಿತು. ಸೈನೈಡ್ ದಿಬ್ಬದ ಕೆಸರು ನಮ್ಮೆಲ್ಲರ ಮುಖಕ್ಕೆ ಹಾರಿತು. ಕೆಸರಿನ ಒಳಗೆ ಬಾಲ ಆಡ್ತಿತ್ತು.

ಅತ್ತೆ ಸೆರಗಲ್ಲಿ ಮುಖ ಒರೆಸಿಕೊಂಡು, ಬದು ಹಾರ್ತಿದ್ದ ಮಂತ್ರವಾದಿಯನ್ನ ನೋಡಿ, ನಿಜವಾದ ಕಾಳಜಿಯಿಂದ ಕೂಗಿದರು: "ಸ್ವಾಮೀ, ಓಡಬ್ಯಾಡಿ! ರಕ್ತ ಕಾರ್ತೀರಾ!"

ತೀರ್ಪು ಹೇಳಬೇಕಾದವನೇ ಹೋದ ಮೇಲೆ ಇನ್ನೇನು. ತುಪ್ಪಟ ಆ ವಿಷದ ಕೆಸರನ್ನ ನೆಕ್ಕಿಕೊಳ್ಳೋಕೆ ಮುಂಚೆ ಅವನನ್ನ ಬಾವಿ ಹತ್ತಿರ ನಿಲ್ಲಿಸಿ, ನೀರು ತಿಳಿಯಾಗೋ ತನಕ ತೊಳೆದೆವು.

ಪಾಳು ಬಂಗಲೆ

ಇನ್ನು ಇದು, ಹೇಳಿದಾಗಲೆಲ್ಲ ನಮ್ಮ ಮನೆಯಲ್ಲಿ ಯಾರಿಗಾದರೂ ನೀರು ನೆತ್ತಿಗೇರುತ್ತೆ.

ಒಂದು ಸಂಜೆ ಮಂಜು ಬೇಗ ಇಳಿದಿತ್ತು. ಮಂದೆ ಬಂತು, ತುಂಬು ಗಬ್ಬದ ಒಂದು ಕುರಿ ಬರಲಿಲ್ಲ. ತುಪ್ಪಟನೂ ಬರಲಿಲ್ಲ. ಅದು ಬರೀ ಕುರಿಯಲ್ಲ, ಅವನಿಗೆ ಹಾಲು ಕೊಟ್ಟ ಅದೇ ಕುರಿ. ಅತ್ತೆ ಕತ್ತಲಾಗೋ ತನಕ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಗೌಡರು ಬಂದು, "ನಾನೇಳಿರಲಿಲ್ವಾ ಯಕ್ಕ? ಊರ ಕುರಿಗಳೆಲ್ಲ ಖಾಲಿ ಆದ್ವು, ಈಗ ಸ್ವಂತ ತಾಯಿಗೇ ಬಾಯಿ ಹಾಕ್ದ" ಅಂದರು. ಅತ್ತೆ ಎದ್ದು ಒಳಗೆ ಹೋದರು. ಅವತ್ತು ನಮ್ಮ ಮನೆಯಲ್ಲಿ ಮುದ್ದೆ ಮುರಿಯಲಿಲ್ಲ.

ಬೆಳಕು ಹರಿದ ಮೇಲೆ ನಾವು ಮೂವರು ಹೊರಟೆವು. ನಮ್ಮ ಯಜಮಾನರು ಕೆಲಸಕ್ಕೆ ಹೋಗಿದ್ದರಿಂದ ಗಂಡಾಳು ಅಂತ ಗೌಡರು. ಮಂಜಿನ್ನೂ ಎದ್ದಿರಲಿಲ್ಲ. ಗಣಿ ಕಡೆ ಹೋಗೋ ಹಳೇ ದಾರಿಯಲ್ಲಿ ಬಿಳಿಯರು ಬಿಟ್ಟುಹೋದ ಒಂದು ಬಂಗಲೆ ಪಾಳು ಬಿದ್ದಿತ್ತು. ಸೂರು ಇಲ್ಲ, ಬಾಗಿಲು ಇಲ್ಲ, ಕಿಟಕಿಗಳಲ್ಲಿ ಎಕ್ಕದ ಗಿಡ. ಅದರ ಹತ್ತಿರ ಬರ್ತಿದ್ದ ಹಾಗೆ ಒಳಗಿಂದ ಎಳೇ ಕೂಸು ಅತ್ತ ಹಾಗೆ ಕೇಳಿಸಿತು. ಗೌಡರು ಅಲ್ಲೇ ನಿಂತರು.

ಕೂಸಿನ ಅಳು ನಿಂತಿತು. ಆಮೇಲೆ ಗಂಡಸಿನ ದನಿ, ಅತ್ತು ಅತ್ತು ಸೋತ ದನಿ: "ನನ್ನ ಬಿಟ್ಬಿಡು ನನ್ನಪ್ಪಾ. ನಂಗೂ ಹೆಂಡ್ತಿ ಮಕ್ಳವ್ರೆ. ಇನ್ನೊಂದು ಸತಿ ಈ ದಿಕ್ಕಿಗೆ ತಲೆ ಆಕಿ ಮಲಗಲ್ಲ. ಬಿಟ್ಬಿಡಪ್ಪಾ."

"ಯಮದೂತರು" ಅಂತ ಗೌಡರು ಪಿಸುಗುಟ್ಟಿದರು. "ಯಾರ್ನೋ ಕರ್ಕಂಡೋಗ್ತಾವ್ರೆ. ಮಧ್ಯೆ ಓಗಬಾರ್ದು."

ಅತ್ತೆ ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ನುಗ್ಗಿದರು. ಒಬ್ಬಳೇ ನಿಲ್ಲೋಕೆ ಹೆದರಿ ನಾನು ಹಿಂದೆ, ನನಗಿಂತ ಹೆದರಿ ಗೌಡರು ನನ್ನ ಹಿಂದೆ.

ಒಳಗೆ, ಬಿಳಿಯರು ಬೆಂಕಿ ಕಾಯ್ತಿದ್ದ ಗೂಡಿನ ಮುಂದೆ, ನಮ್ಮ ಕುರಿ ಮಲಗಿತ್ತು. ಪಕ್ಕದಲ್ಲಿ ಇನ್ನೂ ಒದ್ದೆ ಆರದ ಒಂದು ಮರಿ. ಮರಿ ಪಕ್ಕದಲ್ಲಿ ಕಂಬಳಿ ಹೊದ್ದ ಒಬ್ಬ ಮನುಷ್ಯ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಬಾಗಿಲಲ್ಲಿ ತುಪ್ಪಟ. ನಮ್ಮನ್ನ ನೋಡಿ ಬಾಲ ಆಡಿಸಿದ. ಆ ಮನುಷ್ಯ ಏಳೋಕೆ ಹೋದ, ತುಪ್ಪಟ ಎದ್ದ. ಮನುಷ್ಯ ಕೂತ, ತುಪ್ಪಟ ಕೂತ.

"ಯಾರಪ್ಪಾ ನೀನು?" ಅಂದರು ಅತ್ತೆ.

"ಕಳ್ಳ ಕಣವ್ವಾ" ಅಂತ ಅವನು ಕೈ ಮುಗಿದ. ಯಾರಾದರೂ ಮಾತಾಡಿಸಿದರಲ್ಲ ಅನ್ನೋ ಸಂತೋಷ ಅವನ ಮುಖದಲ್ಲಿತ್ತು.

ಊರಿನ ಕುರಿಗಳನ್ನ ಮಂಜಲ್ಲಿ ಕರಗಿಸ್ತಿದ್ದವನು ಇವನೇ. ಹುಟ್ಟಿನಿಂದ ಕುರಿ ಕಾಯೋನು, ಕುರಿ ಸತ್ತು ಬೀದಿಗೆ ಬಿದ್ದು ಈ ದಂಧೆಗೆ ಇಳಿದಿದ್ದ. ಮೈಯೆಲ್ಲ ಕುರಿ ವಾಸನೆ ಇರೋದರಿಂದ ಯಾವ ಮಂದೆಯೂ ಅವನನ್ನ ಕಂಡು ಬೆದರ್ತಿರಲಿಲ್ಲ. ಹಿಂದಿನ ಸಂಜೆ ನಮ್ಮ ಕುರಿಯನ್ನ ಹೆಗಲ ಮೇಲೆ ಹಾಕ್ಕೊಂಡು ಈ ಬಂಗಲೆಗೆ ಬಂದಿದ್ದ. ಬೆಳಗ್ಗೆ ಬಂಗಾರಪೇಟೆ ಸಂತೆಗೆ ಹೊಡೆಯೋ ಯೋಚನೆ. ಇಳಿಸಿ ಹಿಂದೆ ತಿರುಗಿ ನೋಡಿದರೆ ಬಾಗಿಲಲ್ಲಿ ತುಪ್ಪಟ ಕೂತಿದ್ದಾನೆ.

"ಬೊಗಳ್ಲಿಲ್ಲ ಕಣವ್ವಾ, ಗುರ್ ಅನ್ಲಿಲ್ಲ. ಬೊಗಳಿದ್ರೆ ಧೈರ್ಯ ಇರ್ತಿತ್ತು. ಕಣ್ಣು ಮಿಟುಕಿಸ್ದೆ ನೋಡ್ತಾ ಕೂತ. ನಾನು ಎದ್ರೆ ಏಳೋದು, ಕೂತ್ರೆ ಕೂರೋದು. ಇದು ನಾಯಿನೋ ಮುನೇಶ್ವರನೋ ಅಂತ ಜೀವ ಅರ್ಧ ಆಗೋಯ್ತು. ಅಷ್ಟರಾಗೆ ಕುರಿಗೆ ನೋವು ಬಂತು. ಮರಿ ಕಾಲು ಅಡ್ಡ ಸಿಕ್ಕಂಡಿತ್ತು. ಕಳ್ಳನಾದ್ರೇನು, ನಾನೂ ಕುರಿ ಕಾದೋನಲ್ವಾ, ನೋಡ್ಕಂಡು ಎಂಗಿರ್ಲಿ? ಕೈ ಆಕಿ ಕಾಲು ತಿರುಗಿಸಿ ಎಳ್ದೆ. ಇಲ್ದಿದ್ರೆ ಎರಡೂ ಓಗೋವು."

ಅತ್ತೆ ಮರಿಯನ್ನ ಮುಟ್ಟಿ ನೋಡಿದರು. ತಾಯಿಯ ಹೊಟ್ಟೆ ಸವರಿದರು. ಅವರ ಕಣ್ಣು ತುಂಬಿತ್ತು.

"ಆಮೇಲೆ?"

"ಆಮ್ಯಾಕೆ ಈ ನನ್ನಪ್ಪ ಎದ್ದು ಬಂದ. ಮರೀನ ನೆಕ್ಕಿದ. ತಾಯೀನ ನೆಕ್ಕಿದ. ಅದೇ ಸಾಲಲ್ಲಿ ನನ್ನ ಕೈನೂ ನೆಕ್ಕಿ, ಮುಖನೂ ನೆಕ್ಕಿದ. ಅಲ್ಲಿಗೆ ನನ್ನ ಕಥೆ ಮುಗೀತು ಕಣವ್ವಾ. ಆವತ್ತಿಂದ, ಅಲ್ಲ, ಆಗಿಂದ ನನ್ನ ಬಾಗಿಲು ದಾಟೋಕೆ ಬಿಡ್ತಿಲ್ಲ. ಕಂಬಳಿ ಹಿಡಿದು ಎಳ್ಕಂಡ್ಬಂದು ಮರಿ ಮಗ್ಗುಲಾಗೇ ಕೂರಿಸ್ತಾನೆ."

ಹೊರಟೆವು. ಅತ್ತೆ ಮರಿ ಎತ್ಕೊಂಡರು, ಕುರಿ ಅವರ ಹಿಂದೆ, ಅದರ ಹಿಂದೆ ಕಳ್ಳ. ಅವನು ಒಂದು ಸಲ ದಾರಿ ಬಿಟ್ಟು ಕಳ್ಳಿ ಕಡೆ ಸರಿದ ನೋಡಿ. ತುಪ್ಪಟ ಓಡಿಹೋಗಿ, ತಪ್ಪಿಸಿಕೊಂಡ ಕುರಿಯನ್ನ ತಿರುಗಿಸೋ ಹಾಗೆ ಮೊಣಕಾಲಿಗೆ ಭುಜ ಕೊಟ್ಟು ನೂಕಿ ಸಾಲಿಗೆ ತಂದು ಬಿಟ್ಟ. ಊರ ನಡುವೆ ಹಾಗೇ ಬಂದೆವು. ಜನ ಎಲ್ಲ ಬಾಗಿಲಲ್ಲಿ ನಿಂತು ನೋಡಿದರು. ನಮ್ಮ ಮನೆ ಮುಂದೆ ಬಂದ ಮೇಲೂ ತುಪ್ಪಟ ಬಿಡಲಿಲ್ಲ. ಕುರಿಯನ್ನ ದೊಡ್ಡಿಗೆ ಹೊಗಿಸಿ, ಹಿಂದೆಯೇ ಕಳ್ಳನನ್ನೂ ಹೊಗಿಸಿ, ಬಾಯಿಗೆ ಅಡ್ಡ ಮಲಗಿ ನಿದ್ದೆ ಹೋದ.

ಊರವರು ದೊಣ್ಣೆ ಹಿಡ್ಕೊಂಡು ಬಂದರು. ಅತ್ತೆ ಅಡ್ಡ ನಿಂತು, "ಅವನು ನನ್ನ ದೊಡ್ಡಿ ಒಳಗವ್ನೆ. ಧೈರ್ಯ ಇದ್ರೆ ನಾಯಿ ದಾಟ್ಕಂಡು ಓಗಿ" ಅಂದರು. ಯಾರೂ ದಾಟಲಿಲ್ಲ. ಸಿಟ್ಟು ಇಳಿದ ಮೇಲೆ ಮಾತಾಯಿತು: ಊರಿನ ಮಂದೆಗಳನ್ನೆಲ್ಲ ಅವನೇ ಕೂಲಿ ಇಲ್ಲದೆ ಕಾದು ಕಳೆದ ಕುರಿಗಳ ಲೆಕ್ಕ ತೀರಿಸಬೇಕು, ಊಟ ನಮ್ಮ ಮನೆಯಲ್ಲಿ. ಅವನ ಹೆಂಡತಿ ಮಕ್ಕಳೂ ಬಂದು ನಮ್ಮ ಹೊಲದ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡರು. ಲೆಕ್ಕ ತೀರಿದ ಮೇಲೂ ಅವನು ಹೋಗಲಿಲ್ಲ.

ಬಹಳ ದಿನದ ಮೇಲೆ ಬಂಗಾರಪೇಟೆ ಸಂತೆಯಲ್ಲಿ ಅವನ ಹಳೇ ಜೊತೆಗಾರನೊಬ್ಬ ಸಿಕ್ಕಿ, "ಏನ್ಲಾ, ಕಸುಬು ಬಿಟ್ಬಿಟ್ಯಂತೆ? ಕುರಿ ಕದಿಯೋಕೆ ಓದೋನು ವಾಪಸ್ಸೇ ಬರ್ಲಿಲ್ವಲ್ಲಾ?" ಅಂತ ಕೇಳಿದನಂತೆ.

ಅದಕ್ಕೆ ಇವನು ತಲೆ ಕೆರೆದುಕೊಂಡು, "ಕದಿಯೋಕೇ ಓಗಿದ್ದೆ ಕಣ್ಲಾ. ಅವ್ರ ನಾಯಿ ನನ್ನನ್ನೇ ಕದ್ಕಂಡು ಬಂತು!" ಅಂದನಂತೆ.